ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಲಿನಕ್ಸೂ: ನಮ್ಮ ಟೈಪಿಂಗ್ ಅಂಗಡಿಯಲ್ಲಿ ಮಾಡಿಕೊಂಡ ರೀತಿ

ತುಮಕೂರಿನಲ್ಲಿ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಬಾಡಿಗೆ ಕರಾರು, ಅರ್ಜಿ, ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್, ದಿನಾ ಇದೇ ಕೆಲಸ. ಅಂಗಡಿಯ ಲ್ಯಾಪ್‌ಟಾಪ್ 2017ರದ್ದು, ಏಳನೇ ಜನರೇಷನ್ ಐ3, 8 ಜಿಬಿ ರ‍್ಯಾಮ್. ಚೆನ್ನಾಗಿಯೇ ಓಡುತ್ತಿತ್ತು. ಆದರೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಷನ್ನೋ ಅದರ ಮೇಲಿನದೋ ಇರಬೇಕು. ಒಂದೇ ಒಂದು ಮೆಟ್ಟಿಲಲ್ಲಿ ನಮ್ಮದು ತಪ್ಪಿಹೋಯಿತು. ಜನ ನಂಬಿ ಕೊಡುವ ಆಧಾರ್ ಕಾಪಿ, ಪತ್ರಗಳೆಲ್ಲ ಇರುವ ಮಿಷನ್ನನ್ನು ಅಪ್‌ಡೇಟ್ ಇಲ್ಲದೆ ಇಂಟರ್ನೆಟ್‌ಗೆ ಹಚ್ಚುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಹಾಗಂತ ವಿಂಡೋಸ್ ತೆಗೆದು ಬಿಸಾಕುವ ಹಾಗೂ ಇಲ್ಲ. ಹತ್ತು ವರ್ಷದ ಫೈಲುಗಳೆಲ್ಲ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆ ಫಾಂಟ್‌ನಲ್ಲಿವೆ, ಅವು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಪತ್ರಿಕೆಗಳೂ ಇವೆ. ಹಾಗಾಗಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿ ಎರಡನ್ನೂ ಇಟ್ಟುಕೊಂಡೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತದೆ, ಬೇಕಾದ್ದನ್ನು ಆರಿಸಿಕೊಂಡರಾಯಿತು. ಇಂಟರ್ನೆಟ್ ಕೆಲಸವೆಲ್ಲ ಲಿನಕ್ಸ್‌ನಲ್ಲಿ, ನುಡಿ ಮತ್ತು ಪೇಜ್‌ಮೇಕರ್ ಕೆಲಸ ವೈಫೈ ಆಫ್ ಮಾಡಿದ ವಿಂಡೋಸ್‌ನಲ್ಲಿ.

ಇದನ್ನು ಡ್ಯುಯಲ್ ಬೂಟ್ ಅಂತಾರೆ. ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೂ ಮುಂಚೆ ವಿಂಡೋಸ್ ಒಳಗೆ ಮಾಡಿಕೊಳ್ಳಬೇಕಾದ ತಯಾರಿಗೆ ಒಂದು ದಿನ ಬೇಕು. ಕೆಟ್ಟರೆ ಬಹುಪಾಲು ಆ ತಯಾರಿ ಬಿಟ್ಟದ್ದರಿಂದಲೇ ಕೆಡುತ್ತದೆ. ಅದಕ್ಕೇ ಈ ಬರಹದಲ್ಲೂ ತಯಾರಿಯೇ ಜಾಸ್ತಿ ಇದೆ.

ಮೊದಲು ಬ್ಯಾಕಪ್

ಬ್ಯಾಕಪ್ ಅಂದರೆ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡುವುದಲ್ಲ. ಅಂಗಡಿಗೆ ಬರುವ ಎಷ್ಟೋ ಜನ "ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇದೆ ಅಣ್ಣ, ಪರವಾಗಿಲ್ಲ" ಅಂತಾರೆ. ಸಿ, ಡಿ ಎರಡೂ ಇರುವುದು ಒಂದೇ ಡಿಸ್ಕ್‌ನಲ್ಲಿ ಅಲ್ವಾ? ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸಿಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಮಾಡಿದ ಮೇಲೆ ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೈಲು ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಮರೆಯಬೇಡಿ, ನಮ್ಮ ಜನರ ಮುಖ್ಯ ಫೈಲುಗಳೆಲ್ಲ ಇರುವುದು ಅಲ್ಲೇ.

48 ಅಂಕಿಯ ಕೀ

ಇದು ನನ್ನ ಅಕ್ಕನ ಮಗನಿಗೆ ಆದದ್ದು. ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಲ್ಯಾಪ್‌ಟಾಪ್ ಹೊಸದು, ವಿಂಡೋಸ್ 11. ಯಾರೋ ಹೇಳಿದರು ಅಂತ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ನಂಬಿಕೆಯ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿದ್ದಾನೆ. ರಾತ್ರಿ ಹತ್ತು ಗಂಟೆಗೆ ಫೋನ್. "ಮಾವ, ನೀಲಿ ಸ್ಕ್ರೀನ್ ಬಂದಿದೆ, ಏನೋ ರಿಕವರಿ ಕೀ ಕೇಳ್ತಿದೆ, 48 ಅಂಕಿ ಅಂತೆ. ನನ್ನ ಹತ್ರ ಅಂಥದ್ದು ಯಾವುದೂ ಇಲ್ಲ."

ಆಗಿದ್ದು ಏನೆಂದರೆ, ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಕೂಡಲೇ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಬಿಟ್‌ಲಾಕರ್ ಅನ್ನುವುದೂ ಇದನ್ನೇ. ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ, ಬೀಗದ ಕೈ ಟಿಪಿಎಂ ಚಿಪ್‌ನ ಹತ್ತಿರ ಇರುತ್ತದೆ. ಬಯೋಸ್‌ನಲ್ಲಿ ಏನಾದರೂ ಬದಲಾದರೆ ಚಿಪ್ ಅನುಮಾನ ಪಟ್ಟು ಬೀಗದ ಕೈ ಕೊಡುವುದಿಲ್ಲ. ಆಗ ಆ 48 ಅಂಕಿ ಕೇಳುತ್ತದೆ. ಅದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ, ಫೋನಿನಲ್ಲಿ ಲಾಗಿನ್ ಆಗಿ ನೋಡಬಹುದು. ಆದರೆ ನಮ್ಮ ಹುಡುಗನ ಅಕೌಂಟ್ ಮಾಡಿಕೊಟ್ಟಿದ್ದು ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು, ಯಾವ ಮೇಲ್ ಐಡಿ ಹಾಕಿದ್ದರು ಅಂತ ಇವನಿಗೆ ಗೊತ್ತೇ ಇಲ್ಲ. ಕೊನೆಗೆ ಫೋನಿನಲ್ಲೇ ಹೇಳಿ ಸೆಕ್ಯೂರ್ ಬೂಟ್‌ನ್ನು ಮತ್ತೆ ಆನ್ ಮಾಡಿಸಿದೆ. ಸೆಟ್ಟಿಂಗ್ ಮೊದಲಿನಂತೆ ಆದ ಮೇಲೆ ಕೀ ಕೇಳದೆ ವಿಂಡೋಸ್ ಓಪನ್ ಆಯಿತು. ಅಲ್ಲಿಯವರೆಗೆ ಅವನ ದನಿ ನಡುಗುತ್ತಿತ್ತು, ಆ ವರ್ಷದ ಪ್ರಾಜೆಕ್ಟ್ ಪೂರ್ತಿ ಅದರೊಳಗಿತ್ತು.

ಹಾಗಾಗಿ ಬಯೋಸ್ ಕಡೆ ಹೋಗುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ತೆರೆದು ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ ಮೊದಲು ಆ ಕೀ ಹುಡುಕಿ ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ನೋಟ್‌ಪ್ಯಾಡ್‌ಗೆ ಸೇವ್ ಮಾಡಿದರೆ ಬೇಕಾದಾಗ ಸಿಗುವುದಿಲ್ಲ. ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ. ಡಿಸ್ಕ್ ದೊಡ್ಡದಿದ್ದರೆ ಬೀಗ ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಬಹುದು. ಮುಗಿಯುವವರೆಗೂ ಚಾರ್ಜರ್ ಹಾಕಿಟ್ಟು ಬಿಡಿ. ಇನ್ನೊಂದು ಮಾತು, ಲಿನಕ್ಸ್‌ನ ಬಗೆಗಳಾದ ಲಿನಕ್ಸ್ ಮಿಂಟ್, ಉಬುಂಟು ಎರಡೂ ಸೆಕ್ಯೂರ್ ಬೂಟ್ ಆನ್ ಇದ್ದರೂ ಇನ್‌ಸ್ಟಾಲ್ ಆಗುತ್ತವೆ. ಸುಮ್ನೆ ಆಫ್ ಮಾಡಲು ಹೋಗಬೇಡಿ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು

ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟರೆ ಅದು ಪೂರ್ತಿ ಆಫ್ ಆಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಆಗುವುದಿಲ್ಲ. ನಾಳೆ ಬೇಗ ಏಳಬೇಕು ಅಂತ ತನ್ನ ಒಳಗಿನ ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟು ಅರ್ಧ ನಿದ್ದೆಯಲ್ಲಿರುತ್ತದೆ. ಆ ಹೊತ್ತಲ್ಲಿ ಡ್ರೈವ್‌ಗಳ ಲೆಕ್ಕ ಪೂರ್ತಿ ಮುಗಿಸಿರುವುದಿಲ್ಲ. ನಾವು ಲಿನಕ್ಸ್‌ನಿಂದ ಹೋಗಿ ಆ ಡ್ರೈವ್‌ನಲ್ಲಿ ಒಂದು ಫೈಲು ಬದಲಾಯಿಸಿದೆವು ಅನ್ನಿ. ವಿಂಡೋಸ್ ಎದ್ದಾಗ ಅದರ ನೆನಪಿನಲ್ಲಿರುವುದೊಂದು, ಡಿಸ್ಕ್‌ನಲ್ಲಿರುವುದೊಂದು. ಫೈಲುಗಳು ಕೆಡುವುದು ಹೀಗೆ. ಅದಕ್ಕೇ ಲಿನಕ್ಸ್ ಇಂಥ ಡ್ರೈವ್ ಕಂಡರೆ ತೆರೆಯುವುದೇ ಇಲ್ಲ, ಇಲ್ಲಾಂದರೆ ಓದಲಿಕ್ಕೆ ಮಾತ್ರ ಬಿಡುತ್ತದೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅದರಲ್ಲಿ ಪವರ್ ಬಟನ್ ಒತ್ತಿದರೆ ಏನಾಗಬೇಕು ಅನ್ನುವ ಪುಟ. ಮೇಲೆ ಈಗ ಬದಲಾಯಿಸಲಾಗದ ಸೆಟ್ಟಿಂಗ್ ಬದಲಾಯಿಸಿ ಅನ್ನುವ ಲಿಂಕ್ ಇರುತ್ತದೆ, ಅದನ್ನು ಒತ್ತಿದ ಮೇಲೆಯೇ ಕೆಳಗಿನ ಟಿಕ್ ತೆಗೆಯಲು ಬರುವುದು. ಸುಲಭದ ದಾರಿ ಇನ್ನೊಂದಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು "ಪವರ್‌ಸಿಎಫ್‌ಜಿ /ಎಚ್ ಆಫ್" ಅಂತ ಕೊಡಿ. ಇಲ್ಲಿ ಕನ್ನಡದಲ್ಲಿ ಬರೆದ ಕಮಾಂಡ್‌ಗಳನ್ನೆಲ್ಲ ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಈ ಕಮಾಂಡ್‌ನಿಂದ ಹೈಬರ್ನೇಷನ್ನೂ (ತೆರೆದ ಕೆಲಸವನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುವುದು) ಹೋಗುತ್ತದೆ, ಜೊತೆಗೆ ಸಿ ಡ್ರೈವ್‌ನಲ್ಲಿ ಕೆಲವು ಜಿಬಿ ಜಾಗವೂ ಖಾಲಿಯಾಗುತ್ತದೆ.

ಜಾಗ ಪಾಲು ಮಾಡುವುದು

ಮೊದಲು ಸ್ಟಾರ್ಟ್ ಮೆನುವಿನಲ್ಲಿ ಎಂಎಸ್‌ಇನ್ಫೋ32 ಅಂತ ಹೊಡೆದು ಬಯೋಸ್ ಮೋಡ್ ಏನಿದೆ ನೋಡಿಕೊಳ್ಳಿ. ಹೊಸ ರೀತಿಯಾದ ಯುಇಎಫ್‌ಐ ಇದ್ದರೆ ಸರಿ. ಹಳೆ ರೀತಿಯಾದ ಲೆಗಸಿ ಅಂತಿದ್ದರೆ ಮುಂದೆ ಮಾಡುವ ಪೆನ್‌ಡ್ರೈವನ್ನೂ ಲೆಗಸಿಯಲ್ಲೇ ಬೂಟ್ ಮಾಡಬೇಕು, ಒಂದು ಹಾಗೆ ಒಂದು ಹೀಗೆ ಆದರೆ ಆರಿಸುವ ಮೆನುವೇ ಬರುವುದಿಲ್ಲ. ಪಾಲುಗಳ ಲೆಕ್ಕವನ್ನು ಹಳೆ ಎಂಬಿಆರ್ ರೀತಿಯಲ್ಲಿ ಇಡುವ ಡಿಸ್ಕ್‌ಗಳಲ್ಲಿ ನಾಲ್ಕಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ (ಡಿಸ್ಕ್‌ನ ಪಾಲು) ಮಾಡಲು ಬರುವುದಿಲ್ಲ ಅನ್ನುವುದೂ ನೆನಪಿರಲಿ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಅಂತ ಎಂಬಿಯಲ್ಲಿ ಕೇಳುತ್ತದೆ. 60 ಜಿಬಿ ಬೇಕಾದರೆ 61440, 80 ಜಿಬಿಗೆ 81920. ಮಿಂಟ್ 20 ಜಿಬಿಯಲ್ಲೂ ಕೂರುತ್ತದೆ, ಆದರೆ ದಿನಾ ಬಳಸುವುದಾದರೆ 60ಕ್ಕಿಂತ ಕಮ್ಮಿ ಕೊಡಬೇಡಿ. ಕಮ್ಮಿ ಕೊಟ್ಟು ಆಮೇಲೆ ಹಿಗ್ಗಿಸಲು ಹೋಗುವುದು ಬಲು ಕಷ್ಟದ ಕೆಲಸ. ಎಷ್ಟೋ ಸಲ ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದ್ದರೂ 10 ಜಿಬಿ ಮಾತ್ರ ಕುಗ್ಗಿಸಬಹುದು ಅಂತ ತೋರಿಸುತ್ತದೆ. ಅಲ್ಲಾಡಿಸಲಾಗದ ಫೈಲು ಯಾವುದೋ ಮಧ್ಯದಲ್ಲಿ ಕೂತಿರುತ್ತದೆ. ಹೈಬರ್ನೇಷನ್ ಆಫ್ ಮಾಡಿ, ಸಿಸ್ಟಮ್ ರಿಸ್ಟೋರ್ ಮತ್ತು ಪೇಜ್ ಫೈಲನ್ನು (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲು) ಸ್ವಲ್ಪ ಹೊತ್ತು ಆಫ್ ಮಾಡಿ, ರಿಸ್ಟಾರ್ಟ್ ಕೊಟ್ಟು ಮತ್ತೆ ನೋಡಿ. ಕುಗ್ಗಿಸಿದ ಮೇಲೆ ಅವೆರಡನ್ನೂ ವಾಪಸ್ ಆನ್ ಮಾಡಿ.

ಈಗ ಡಿಸ್ಕ್‌ನಲ್ಲಿ ಅನ್‌ಅಲೊಕೇಟೆಡ್ ಅಂತ ಕಪ್ಪು ಪಟ್ಟಿ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಫಾರ್ಮ್ಯಾಟ್ ಮಾಡಬೇಡಿ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಮೊದಲು ಬದು ಹಾಕುತ್ತಾರಲ್ಲ, ಹಾಗೆ ಈ ಬದುವನ್ನು ವಿಂಡೋಸ್ ಕೈಯಿಂದಲೇ ಹಾಕಿಸಿದರೆ ಆಮೇಲೆ ತಕರಾರು ಕಮ್ಮಿ. ಅಲ್ಲೇ 100 ಎಂಬಿಯ ಆಸುಪಾಸಿನ ಒಂದು ಇಎಫ್‌ಐ ಪಾರ್ಟಿಷನ್ ಕಾಣುತ್ತದೆ. ನೋಡಲು ಪುಟ್ಟದು, ಕೆಲಸಕ್ಕೆ ಬಾರದ್ದು ಅನ್ನಿಸುತ್ತದೆ. ಆದರೆ ಎರಡೂ ಸಿಸ್ಟಮ್‌ಗಳ ಬೂಟ್ ಫೈಲುಗಳು ಕೂರುವುದು ಅದರೊಳಗೇ. ಅದನ್ನು ಮುಟ್ಟಬೇಡಿ.

ಪೆನ್‌ಡ್ರೈವ್

ನಾನು ಹಾಕಿದ್ದು ಲಿನಕ್ಸ್ ಮಿಂಟ್ 22. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ವಿಂಡೋಸ್ ಬಳಸಿದ ಕೈಗೆ ಸ್ಟಾರ್ಟ್ ಮೆನು, ಟಾಸ್ಕ್‌ಬಾರ್ ಎಲ್ಲ ಇದ್ದ ಜಾಗದಲ್ಲೇ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ತಗೊಳ್ಳಿ, 8 ಇದ್ದರೆ ಸಿನಮನ್. ಫೈಲು ಸುಮಾರು 3 ಜಿಬಿ, ಮಿಂಟ್‌ನವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಯಾರೋ ಯಾವಾಗಲೋ ಕೊಟ್ಟ ಹಳೆ ಪೆನ್‌ಡ್ರೈವ್‌ನಲ್ಲಿ ಮಾಡಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ, ಸೆಕ್ಯೂರ್ ಬೂಟ್ ಇದ್ದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಹಳೆ ಲಿನಕ್ಸ್‌ಗಳು ಬೂಟ್ ಆಗಲೇ ಇಲ್ಲ.

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ರೂಫಸ್ ಅನ್ನುವ ಚಿಕ್ಕ ಪ್ರೋಗ್ರಾಮ್‌ನಲ್ಲಿ ಪೆನ್‌ಡ್ರೈವ್ ಆರಿಸಿ, ಮಿಂಟ್ ಫೈಲು ತೋರಿಸಿ, ಯುಇಎಫ್‌ಐ ಮಿಷನ್ ಆದರೆ ಜಿಪಿಟಿ (ಎಂಬಿಆರ್ ಬದಲಿಗೆ ಬಂದ ಹೊಸ ರೀತಿ) ಆರಿಸಿ, ಸ್ಟಾರ್ಟ್ ಒತ್ತಿ.

ಈಗ ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12ವೇ, ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕಾಗುತ್ತದೆ.

ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಪನ್ ಆಗುತ್ತದೆ. ಇನ್ನೂ ಏನೂ ಇನ್‌ಸ್ಟಾಲ್ ಆಗಿಲ್ಲ. ಅವಸರ ಮಾಡದೆ ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ನಿಮ್ಮ ಪ್ರಿಂಟರ್ ಗುರುತಿಸುತ್ತದಾ ಎಲ್ಲ ನೋಡಿ. ನಮ್ಮಂಥ ಅಂಗಡಿಯವರಿಗೆ ಪ್ರಿಂಟರ್ರೇ ಮುಖ್ಯ. ಅದು ನಡೆಯದಿದ್ದರೆ ಇಲ್ಲಿಗೇ ನಿಲ್ಲಿಸಿ ವಾಪಸ್ ಹೋಗಬಹುದು, ಏನೂ ನಷ್ಟವಿಲ್ಲ.

ಇನ್‌ಸ್ಟಾಲ್

ಚಾರ್ಜರ್ ಹಾಕಿ. ಬ್ಯಾಟರಿ ಸತ್ತಿರುವ ಹಳೆ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ಗೆ ಹಚ್ಚಿ. ಪಾರ್ಟಿಷನ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಏನಾಗುತ್ತದೋ ಹೇಳಲಾಗದು. ಬೇಸಿಗೆ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಬೇಗ ಕೂತರೆ ಒಳ್ಳೆಯದು.

ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಐಕಾನ್ ಇರುತ್ತದೆ. ಭಾಷೆ, ಕೀಬೋರ್ಡ್ ಕೇಳುತ್ತದೆ, ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ. ಆಮೇಲೆ ಬರುವ ಪುಟದಲ್ಲಿ ನಿಧಾನ ಮಾಡಿ. ವಿಂಡೋಸ್ ಬೂಟ್ ಮ್ಯಾನೇಜರ್ ಪಕ್ಕದಲ್ಲಿ ಇನ್‌ಸ್ಟಾಲ್ ಮಾಡು ಅನ್ನುವುದು ನಮಗೆ ಬೇಕಾದ್ದು. ಅದರ ಕೆಳಗೇ ಡಿಸ್ಕ್ ಪೂರ್ತಿ ಅಳಿಸು ಅನ್ನುವ ಸಾಲು ಇರುತ್ತದೆ. ಅದನ್ನು ಒತ್ತಿದರೆ ವಿಂಡೋಸೂ ಇಲ್ಲ, ಫೈಲುಗಳೂ ಇಲ್ಲ. ಮುಂದೆ ಹೋದರೆ ಡಿಸ್ಕ್‌ಗೆ ಬದಲಾವಣೆ ಬರೆಯಲಾ ಅಂತ ಒಂದು ಚಿಕ್ಕ ಬಾಕ್ಸ್ ಬರುತ್ತದೆ. ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಇಎಕ್ಸ್‌ಟಿ4 ಅನ್ನುವ ಹೊಸ ಪಾರ್ಟಿಷನ್ ಮಾತ್ರ ಅಲ್ಲಿರಬೇಕು. ವಿಂಡೋಸ್ ಡ್ರೈವ್‌ಗಳ ಬಗೆಯಾದ ಎನ್‌ಟಿಎಫ್‌ಎಸ್ ಹೆಸರು ಕಂಡರೆ ಬ್ಯಾಕ್ ಹೋಗಿ. ನಾನು ಆ ಬಾಕ್ಸನ್ನು ಮೂರು ಸಲ ಓದಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಆಮೇಲೆ ಕಂಟಿನ್ಯೂ ಒತ್ತಿದೆ.

ಪಕ್ಕದಲ್ಲಿ ಹಾಕುವ ಆಯ್ಕೆ ಬರದಿದ್ದರೆ ಸಮ್‌ಥಿಂಗ್ ಎಲ್ಸ್ ಒತ್ತಿ, ನಾವು ಬಿಟ್ಟ ಖಾಲಿ ಜಾಗ ಆರಿಸಿ, ಕೂಡಿಸುವ ಚಿಹ್ನೆ ಒತ್ತಿ, ಇಎಕ್ಸ್‌ಟಿ4 ಅಂತ ಕೊಟ್ಟು ಮೌಂಟ್ ಪಾಯಿಂಟ್‌ಗೆ ಒಂದು ಓರೆ ಗೆರೆ (/) ಹಾಕಿ. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್ ಜಾಗಕ್ಕೆ ಬೇರೆ ಪಾರ್ಟಿಷನ್ ಬೇಡ, ಮಿಂಟ್ ತಾನೇ ಒಂದು ಫೈಲು ಮಾಡಿಕೊಳ್ಳುತ್ತದೆ. ಊರು ಕೇಳಿದಾಗ ಕೋಲ್ಕತ್ತ ಆರಿಸಿ, ನಮ್ಮ ದೇಶದ ಟೈಮ್ ಇರುವುದು ಆ ಹೆಸರಲ್ಲಿ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ನಡೆಸುವ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಸೆಟ್ಟಿಂಗ್ ಆನ್ ಇದ್ದರೆ ಹೀಗಾಗುತ್ತದೆ. ಬಯೋಸ್‌ನಲ್ಲಿ ಅದನ್ನು ಮಾಮೂಲಿ ರೀತಿಯಾದ ಎಎಚ್‌ಸಿಐಗೆ ಬದಲಾಯಿಸಬೇಕು, ಆದರೆ ನೇರವಾಗಿ ಬದಲಾಯಿಸಿದರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಿ ಕೂರುತ್ತದೆ. ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರಿಸ್ಟಾರ್ಟ್ ಮಾಡುವಾಗಲೇ ಬಯೋಸ್‌ಗೆ ಹೋಗಿ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಂದು ಸಲ ವಿಂಡೋಸ್ ಓಪನ್ ಆದ ಮೇಲೆ ಆ ಟಿಕ್ ತೆಗೆದು ಮತ್ತೆ ರಿಸ್ಟಾರ್ಟ್ ಮಾಡಿ. ಇದೂ ಬಯೋಸ್ ಬದಲಾವಣೆಯೇ, ಎನ್‌ಕ್ರಿಪ್ಷನ್ ಆಫ್ ಮಾಡದೆ ಮಾಡಬೇಡಿ.

ಆದ ಮೇಲೆ

ಪೆನ್‌ಡ್ರೈವ್ ತೆಗೆದು ರಿಸ್ಟಾರ್ಟ್ ಮಾಡಿದರೆ ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಮೊದಲ ಸಾಲಲ್ಲಿ ಮಿಂಟ್, ಕೆಳಗೆಲ್ಲೋ ವಿಂಡೋಸ್ ಬೂಟ್ ಮ್ಯಾನೇಜರ್. ಬಾಣದ ಕೀಯಿಂದ ಆರಿಸಿ ಎಂಟರ್ ಒತ್ತಿ. ಏನೂ ಒತ್ತದೆ ಬಿಟ್ಟರೆ ಕೆಲವು ಸೆಕೆಂಡ್ ಆದ ಮೇಲೆ ಮಿಂಟ್ ಓಪನ್ ಆಗುತ್ತದೆ. ತಾನಾಗಿ ವಿಂಡೋಸ್ ಬರಬೇಕು ಅಂದರೆ ಇಟಿಸಿ ಫೋಲ್ಡರ್‌ನೊಳಗಿನ ಡಿಫಾಲ್ಟ್ ಫೋಲ್ಡರನ್ನು ರೂಟ್ (ಲಿನಕ್ಸ್‌ನ ಅಡ್ಮಿನ್) ಆಗಿ ತೆರೆದು, ಅಲ್ಲಿನ ಗ್ರಬ್ ಫೈಲಿನಲ್ಲಿ ಗ್ರಬ್_ಡಿಫಾಲ್ಟ್ ಮುಂದಿರುವ ಸೊನ್ನೆಯನ್ನು ಬದಲಾಯಿಸಿ. ಎಣಿಕೆ ಸೊನ್ನೆಯಿಂದ ಶುರು, ಅಂದರೆ ಮೆನುವಿನ ಮೂರನೇ ಸಾಲಿಗೆ 2. ಸೇವ್ ಮಾಡಿ ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿ) "ಸುಡೋ ಅಪ್‌ಡೇಟ್-ಗ್ರಬ್" ಕೊಟ್ಟರೆ ಆಯಿತು.

ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಅಂಗಡಿ ತೆಗೆದು ವಿಂಡೋಸ್ ಆನ್ ಮಾಡಿದರೆ ಮೂಲೆಯಲ್ಲಿ ಐದು ಗಂಟೆ ತೋರಿಸುತ್ತಿತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಗಡಿಯಾರದಲ್ಲಿ ವಿಂಡೋಸ್ ನಮ್ಮೂರ ಟೈಮ್ ಇಡುತ್ತದೆ, ಲಿನಕ್ಸ್ ಯುಟಿಸಿ ಅನ್ನುವ ಜಾಗತಿಕ ಟೈಮ್ ಇಡುತ್ತದೆ, ಎರಡರ ಮಧ್ಯೆ ನಮ್ಮ ದೇಶಕ್ಕೆ ಇರುವ ವ್ಯತ್ಯಾಸ ಐದೂವರೆ ಗಂಟೆ. ಮಿಂಟ್‌ನ ಟರ್ಮಿನಲ್‌ನಲ್ಲಿ "ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1" ಅಂತ ಒಂದು ಸಲ ಕೊಟ್ಟೆ, ಸರಿಹೋಯಿತು.

ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಐಬಸ್-ಎಂ17ಎನ್ ಅನ್ನುವ ಪ್ರೋಗ್ರಾಮ್‌ಗಳನ್ನು ಹಾಕಿಕೊಳ್ಳಿ. ಅದರಲ್ಲಿ ಕೆಜಿಪಿ ಅನ್ನುವ ಕನ್ನಡ ಕೀಬೋರ್ಡ್ ಇದೆ, ನುಡಿಯಲ್ಲಿ ಹೊಡೆದ ಬೆರಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ಮೊದಲ ಸಲ ಲಿನಕ್ಸ್‌ನಲ್ಲಿ "ತುಮಕೂರು" ಅಂತ ಹೊಡೆದಾಗ ಒಂದು ಅಕ್ಷರವೂ ತಪ್ಪದೆ ಮೂಡಿತು, ನನಗೆ ಅಷ್ಟು ಖುಷಿಯಾಯಿತು. ಫಾಂಟ್‌ಗಳಲ್ಲಿ ಲೋಹಿತ್, ನವಿಲು, ಗುಬ್ಬಿ ಅಂತೆಲ್ಲ ಸಿಗುತ್ತವೆ. ಪಕ್ಕದ ತಾಲ್ಲೂಕಿನ ಹೆಸರಿರುವ ಫಾಂಟ್ ಕಂಡರೆ ತುಮಕೂರಿನವರು ಹಾಕಿಕೊಳ್ಳದೆ ಇರುತ್ತಾರಾ? ನಾನಂತೂ ಗುಬ್ಬಿಯನ್ನೇ ಹಾಕಿಕೊಂಡಿದ್ದೇನೆ.

ಎರಡು ಕಡೆಯೂ ಬೇಕಾಗುವ ಫೈಲುಗಳನ್ನು ಡಿ ಡ್ರೈವ್‌ನಲ್ಲಿಡಿ. ಲಿನಕ್ಸ್‌ಗೆ ವಿಂಡೋಸ್ ಡ್ರೈವ್ ಓದಲು ಬರೆಯಲು ಬರುತ್ತದೆ. ವಿಂಡೋಸ್‌ಗೆ ಲಿನಕ್ಸ್‌ನದ್ದು ಸುಮ್ಮನೆ ಕಾಣುವುದಿಲ್ಲ. ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ.

ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಸಲ ಗ್ರಬ್ ಮೆನು ಬರದೆ ನೇರ ವಿಂಡೋಸ್ ಓಪನ್ ಆಗಬಹುದು. ಲಿನಕ್ಸ್ ಹೋಯಿತು ಅಂತ ಗಾಬರಿಯಾಗಬೇಡಿ. ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಮೇಲೆ ಹೋಗಿ ಕೂತಿರುತ್ತದೆ ಅಷ್ಟೇ. ಉಬುಂಟು ಅನ್ನುವ ಸಾಲನ್ನು ಮೇಲೆ ತನ್ನಿ, ಮಿಂಟ್ ಹಾಕಿದ್ದರೂ ಅಲ್ಲಿ ಆ ಹೆಸರೇ ಕಾಣಬಹುದು. ಅದಕ್ಕೂ ಬಗ್ಗದಿದ್ದರೆ ಅದೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೆನುವಿನಲ್ಲಿರುವ ಬೂಟ್ ರಿಪೇರ್ ಓಡಿಸಿ. ಪೆನ್‌ಡ್ರೈವನ್ನು ಅಳಿಸದೆ ಡ್ರಾಯರ್‌ನಲ್ಲಿಟ್ಟಿರಿ.

ಮುಂದೆ ಯಾವಾಗಲಾದರೂ ಲಿನಕ್ಸ್ ಬೇಡ ಅನ್ನಿಸಿದರೆ ಮೊದಲೇ ಪಾರ್ಟಿಷನ್ ಡಿಲೀಟ್ ಮಾಡಬೇಡಿ. ಹಾಗೆ ಮಾಡಿದರೆ ಗ್ರಬ್ ತನ್ನ ಫೈಲು ಸಿಗದೆ ಕಪ್ಪು ಸ್ಕ್ರೀನ್‌ನಲ್ಲಿ ನಿಂತುಬಿಡುತ್ತದೆ. ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್‌ನ್ನು ಮೇಲಕ್ಕೆ ತಂದು, ವಿಂಡೋಸ್ ನೇರವಾಗಿ ಓಪನ್ ಆಗುತ್ತದೆ ಅಂತ ನೋಡಿಕೊಂಡು, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ಡಿಲೀಟ್ ಮಾಡಿ, ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ. ಕೊಟ್ಟ ಜಾಗ ಅದರ ಪಕ್ಕದಲ್ಲೇ ಇರುವುದರಿಂದ ಸಿ ಡ್ರೈವ್‌ಗೇ ವಾಪಸ್ ಸೇರಿಕೊಳ್ಳುತ್ತದೆ.